ಅರ್ಧರಾತ್ರಿಯ ಕೊಡೆ: ಹೊಸದಾಗಿ ದುಡ್ಡು ಕಂಡವರ ಖರ್ಚನ್ನು ಊರು ತೂಗುವ ಬಗೆ

ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ಗೃಹಪ್ರವೇಶಕ್ಕೆ ಹೋಗಿದ್ದೆ. ಮೂರಂತಸ್ತಿನ ಮನೆ. ತೇಗದ ಬಾಗಿಲು, ಅದರ ತುಂಬ ಅಷ್ಟಲಕ್ಷ್ಮಿಯರ ಕೆತ್ತನೆ. ಹಾಲ್‌ನ ಚಾವಣಿಗೆ ಪಿಒಪಿ ಮಾಡಿಸಿ ಒಳಗೆ ನೀಲಿ ಎಲ್‌ಇಡಿ ಪಟ್ಟಿ ಎಳೆಸಿದ್ದರು. ಅಂಗಳದಲ್ಲಿ ಬಿಳೀ ಬಣ್ಣದ ದೊಡ್ಡ ಕಾರು, ಅದರ ಮೂತಿಗೆ ಚೆಂಡುಹೂವಿನ ಹಾರ. ಕಾರಿನ ಪಕ್ಕದಲ್ಲೇ ಹಳೇ ಕೊಟ್ಟಿಗೆ, ಎರಡು ಸೀಮೆಹಸು. ಯಜಮಾನರ ತಾಯಿ ಮಾತ್ರ ಹೊಸ ಮನೆಯೊಳಗೆ ಕೂರದೆ ಕೊಟ್ಟಿಗೆ ಮುಂದಿನ ಕಲ್ಲುಚಪ್ಪಡಿ ಮೇಲೆ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದರು. "ಒಳಗೆ ಕಾಲು ಜಾರ್ತದಪ್ಪ" ಅಂದರು.

ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತವರು ಒಬ್ಬಟ್ಟಿನ ಮೇಲೆ ತುಪ್ಪ ಬಿಡಿಸಿಕೊಳ್ಳುತ್ತಾ, "ಜಮೀನಿನ ದುಡ್ಡು ಸ್ವಾಮಿ. ಎಷ್ಟು ದಿನ ಬರ್ತದೋ ನೋಡೋಣ" ಅಂದರು. ಬಲಕ್ಕಿದ್ದವರು ಗಾದೆಯನ್ನೇ ಹೇಳಿದರು: ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇಬ್ಬರೂ ಎರಡೆರಡು ಒಬ್ಬಟ್ಟು ತಿಂದರು. ನಾನೂ ತಿಂದೆ.

ಈ ಮಾತು ಆ ಪಂಕ್ತಿಯದ್ದಷ್ಟೇ ಅಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಹೇಳಿತು. ಬಿಡದಿ ಕಡೆ ಟೌನ್‌ಶಿಪ್ಪಿಗೆ ಜಮೀನು ತೆಗೆದುಕೊಳ್ಳುವ ಸುದ್ದಿ. ಜಮೀನು-ಪರಿಹಾರದ ವಿಷಯ ಪೇಪರಿನಲ್ಲಿ ಬಂದಾಗಲೆಲ್ಲ ಪಟ್ಟಣದ ಕಡೆಯಿಂದ ಎರಡು ಮಾತು ಒಟ್ಟಿಗೇ ಕೇಳುತ್ತವೆ. "ಕೋಟಿಗಟ್ಟಲೆ ಸಿಗತ್ತೆ, ಇನ್ನೇನು ಬೇಕಂತೆ?" ಅನ್ನುವುದು ಒಂದು. "ಕೊಟ್ರೇನು, ಕಾರ್ ತಗೊಂಡು ಹಾಳು ಮಾಡ್ಕೋತಾರೆ" ಅನ್ನುವುದು ಇನ್ನೊಂದು. ಈ ತೀರ್ಪು ಹುಟ್ಟುವುದು ಹೇಗೆ, ಅದರ ಅಳತೆಗೋಲು ಯಾವುದು, ಆ ಕೋಲು ಎಲ್ಲರಿಗೂ ಒಂದೇನಾ ಅನ್ನುವುದನ್ನು ಬುಡದಿಂದ ನೋಡೋಣ.

ಒಂದೇ ಖರ್ಚು, ನಾಲ್ಕು ಹೆಸರು

ತಲೆಮಾರುಗಳಿಂದ ಮನೆಯಲ್ಲಿದ್ದು ಬಂದದ್ದು ಹಳೇ ದುಡ್ಡು. ಒಬ್ಬರ ಜೀವಮಾನದಲ್ಲೇ, ಕೆಲವೊಮ್ಮೆ ಒಂದೇ ಚೆಕ್ಕಿನಲ್ಲಿ ಬಂದದ್ದು ಹೊಸ ದುಡ್ಡು. ಹೊಸ ದುಡ್ಡಿನವರಿಗೆ ಫ್ರೆಂಚರು 'ನೂವೋ ರೀಶ್' ಅನ್ನುತ್ತಾರೆ. ಪದದ ಅರ್ಥ 'ಹೊಸ ಶ್ರೀಮಂತ' ಅಂತಷ್ಟೇ, ಆದರೆ ಬಳಕೆಯಲ್ಲಿ ಅದು ಬೈಗುಳ. ನಮ್ಮಲ್ಲಿ "ದುಡ್ಡಿನ ಮುಖ ನೋಡಿರದೋರು" ಅನ್ನುವಾಗಲೂ ಅದೇ ದನಿ.

ಕನ್ನಡದಲ್ಲಿ ಖರ್ಚನ್ನು ಹೆಸರಿಸುವ ಪದಗಳನ್ನೇ ಸಾಲಾಗಿ ಇಟ್ಟು ನೋಡಿ. ಅರಸ ಮಾಡಿದರೆ ವೈಭವ. ಹೊಸಬ ಮಾಡಿದರೆ ಆಡಂಬರ. ಅವನ ಮಗ ಮಾಡಿದರೆ ಶೋಕಿ. ಬಡವ ಸಾಲ ಮಾಡಿ ಮಾಡಿದರೆ ದುಂದು. ನಾಲ್ಕೂ ಕಡೆ ಖರ್ಚಾಗಿರುವುದು ರೇಷ್ಮೆ, ಚಿನ್ನ, ಊಟ. ಖರ್ಚು ಮಾಡದೆ ಇದ್ದರೂ ಹೀಗೇ. ದೊಡ್ಡ ಸಾಫ್ಟ್‌ವೇರ್ ಕಂಪನಿಯ ಸ್ಥಾಪಕರು ವಿಮಾನದಲ್ಲಿ ಸಾಮಾನ್ಯ ದರ್ಜೆಯ ಸೀಟಿನಲ್ಲಿ ಕೂತರೆ ಅದು ಸರಳತೆ, ಫೋಟೋ ಹಂಚಿಕೊಳ್ಳುತ್ತೇವೆ. ಜಮೀನು ಕೊಟ್ಟು ಕೋಟಿ ಪಡೆದವನು ಹಳೇ ಪಂಚೆಯಲ್ಲೇ ಓಡಾಡಿದರೆ "ಜುಗ್ಗ, ಅಷ್ಟು ಬಂದ್ರೂ ಹಣೇಬರ ಬದಲಾಗ್ಲಿಲ್ಲ" ಅನ್ನುತ್ತೇವೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮೆರವಣಿಗೆಯನ್ನು ಬರೆದಿಟ್ಟಿದ್ದಾನೆ. ಅರಮನೆಯ ಕೆಲವು ಹೆಂಗಸರ ಮೈಮೇಲೆ ಚಿನ್ನ ಎಷ್ಟಿತ್ತೆಂದರೆ, ಆ ಭಾರಕ್ಕೆ ಅವರು ಸೋಲುತ್ತಿದ್ದರು. ಪಕ್ಕದಲ್ಲಿ ಬೇರೆ ಹೆಂಗಸರು ಅವರ ತೋಳು ಹಿಡಿದು ನಡೆಸಬೇಕಾಗುತ್ತಿತ್ತು. ಇದನ್ನು ಓದುವಾಗ ನಮಗೆ ಹೆಮ್ಮೆ. 2016ರ ನವೆಂಬರ್‌ನಲ್ಲಿ, ನೋಟು ರದ್ದಾಗಿ ಎಂಟೇ ದಿನಕ್ಕೆ, ಬಳ್ಳಾರಿಯ ಗಣಿ ಉದ್ಯಮಿಯೊಬ್ಬರ ಮಗಳ ಮದುವೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಆಯಿತು. ಆಮಂತ್ರಣದ ಡಬ್ಬಿ ತೆರೆದರೆ ಒಳಗಿನ ಪರದೆಯಲ್ಲಿ ವಿಡಿಯೊ ಓಡುತ್ತಿತ್ತು. ಮೈದಾನದಲ್ಲಿ ಹಾಕಿಸಿದ್ದು ವಿಜಯನಗರದ್ದೇ ಸೆಟ್ಟು. ಎಟಿಎಂ ಮುಂದೆ ಕ್ಯೂ ನಿಂತಿದ್ದ ನಾಡಿಗೆ ಅದು ಹೇಗೆ ಕಂಡಿರಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಹೊತ್ತು ತಪ್ಪಿತ್ತು, ಗಣಿ ದುಡ್ಡಿನ ಮೂಲದ ಬಗ್ಗೆ ಪ್ರಶ್ನೆಗಳಿದ್ದವು, ನಿಜ. ಆದರೆ ಅಸಲಿಗೆ ವೈಭವ ಅಂದದ್ದನ್ನೇ ನಕಲಿಗೆ ಆಡಂಬರ ಅಂದೆವು ಅನ್ನುವುದೂ ನಿಜ. ಅಸಲಿಯನ್ನು ಕಟ್ಟಿದ ಸಂಗಮ ವಂಶದವರೂ 14ನೇ ಶತಮಾನದಲ್ಲಿ ಹೊಸಬರೇ ಆಗಿದ್ದರು.

ಖರ್ಚು ಅನ್ನುವುದು ಒಂದು ಮಾತು

ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲಿ ಒಂದು ವಿಚಾರ ಮುಂದಿಟ್ಟ. ರೈಲ್ವೆ, ಉಕ್ಕು, ಎಣ್ಣೆಯಿಂದ ಅಲ್ಲಿ ದಿಢೀರ್ ಶ್ರೀಮಂತರು ಎದ್ದಿದ್ದ ಕಾಲ. ದುಡ್ಡು ಇದ್ದರೆ ಸಾಲದು, ಇದೆ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕು. ಗೊತ್ತುಪಡಿಸುವ ದಾರಿ ಅಂದರೆ ಎಲ್ಲರ ಕಣ್ಣೆದುರು ಖರ್ಚು ಮಾಡುವುದು ಅಂದ. ಇದನ್ನು ಕನ್ನಡದಲ್ಲಿ 'ತೋರಿಕೆಯ ಖರ್ಚು' ಅನ್ನಬಹುದು. ಮದುವೆ ಕರೆಯೋಲೆಗೆ 20 ರೂಪಾಯಿಯ ಕಾರ್ಡೂ ಸಾಕು, 500 ರೂಪಾಯಿಯದ್ದೂ ಸಿಗುತ್ತದೆ. ಎರಡರಲ್ಲೂ ಇರುವುದು ಅದೇ ಮುಹೂರ್ತ, ಅದೇ ಛತ್ರ. ಮೇಲಿನ 480 ರೂಪಾಯಿ ಮುಹೂರ್ತದ ಬಗ್ಗೆ ಏನನ್ನೂ ಹೇಳುವುದಿಲ್ಲ, ಕೊಟ್ಟವರ ಬಗ್ಗೆ ಹೇಳುತ್ತದೆ.

ವೆಬ್ಲೆನ್‌ನ ವಿವರಣೆ ಅರ್ಧ. ತೋರಿಸಿದ್ದು ಎಲ್ಲರಿಗೂ ಒಂದೇ ಥರ ಯಾಕೆ ಕಾಣುವುದಿಲ್ಲ? ಉಳಿದರ್ಧ ಹೇಳಿದ್ದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ, 1979ರಲ್ಲಿ. ಹಳ್ಳಿಯ ಅಂಚೆ ನೌಕರನ ಮಗನಾಗಿ ಹುಟ್ಟಿ ಪ್ಯಾರಿಸ್ಸಿನ ದೊಡ್ಡ ವಿದ್ಯಾಸಂಸ್ಥೆಗಳಿಗೆ ಕಾಲಿಟ್ಟವನು. ಒಳಗಿನವರು ಹೊರಗಿನವರನ್ನು ಹೇಗೆ ಗುರುತು ಹಿಡಿಯುತ್ತಾರೆ ಅಂತ ಅವನಿಗೆ ಪುಸ್ತಕದಿಂದ ಕಲಿಯಬೇಕಿರಲಿಲ್ಲ. ಬಂಡವಾಳ ಒಂದೇ ಥರದ್ದಲ್ಲ ಅನ್ನುತ್ತಾನೆ. ಬ್ಯಾಂಕಿನಲ್ಲಿರುವುದು ಒಂದು. ಯಾವ ಬಣ್ಣ ಯಾವುದಕ್ಕೆ ಒಪ್ಪುತ್ತದೆ, ಎಲ್ಲಿ ಎಷ್ಟು ಮಾತಾಡಬೇಕು, ಯಾವ ಹಾಡು ಮೆಚ್ಚಬೇಕು ಅನ್ನುವ ತಿಳಿವಳಿಕೆ ಇನ್ನೊಂದು. ಮೊದಲನೆಯದು ಒಂದೇ ದಿನದಲ್ಲಿ ಖಾತೆಗೆ ಬೀಳಬಹುದು. ಎರಡನೆಯದು ಬಾಲ್ಯದಿಂದ ಮೈಗೆ ಹತ್ತಬೇಕು.

ಭಾಷೆಯ ಹೋಲಿಕೆ ಕೊಟ್ಟರೆ ಇದು ಬೇಗ ತಿಳಿಯುತ್ತದೆ. ಹುಬ್ಬಳ್ಳಿಯವರು ಬೆಂಗಳೂರಿಗೆ ಬಂದು ಎಷ್ಟೇ ತಿದ್ದಿ ಮಾತಾಡಿದರೂ ಎಲ್ಲೋ ಒಂದು "ಏನ್ರೀ" ಜಾರಿ ಊರು ಹೇಳಿಬಿಡುತ್ತದೆ. ಖರ್ಚಿಗೂ ಇಂಥದೊಂದು ಧಾಟಿ ಇದೆ. ತೇಗದ ಬಾಗಿಲಿನ ಪಕ್ಕ ನೀಲಿ ಎಲ್‌ಇಡಿ ಕಂಡಾಗ ಪಟ್ಟಣದ ನೆಂಟರ ತುಟಿಯಲ್ಲಿ ಸಣ್ಣ ನಗು ಮೂಡಿದ್ದು ಆ ಧಾಟಿ ಕೇಳಿಸಿದ್ದಕ್ಕೆ. ತಪ್ಪು ಬೆಲೆಯದ್ದಲ್ಲ, ಉಚ್ಚಾರಣೆಯದ್ದು. ಹೀಗೆ ನಗುವವರು ತಮ್ಮ ಮಾತಿಗೆ ಧಾಟಿಯೇ ಇಲ್ಲ ಅಂದುಕೊಂಡಿರುತ್ತಾರೆ. ಅಲ್ಲೇ ಇರುವುದು ಗಮ್ಮತ್ತು.

ಮೂರು ಕೋಟಿಯ ಲೆಕ್ಕ

"ಕೋಟಿ ಬಂತು, ಕಾರು ಬಂತು, ಖಾಲಿ ಆಯ್ತು" ಅನ್ನುವ ಕಥೆಯ ಒಳಗಿನ ಗಣಿತ ನೋಡೋಣ. ಪರಿಹಾರ ಹೇಗೆ ಗೊತ್ತಾಗುತ್ತದೆ? 2014ರ ಜನವರಿ 1ರಿಂದ ಜಾರಿಯಲ್ಲಿರುವ ಕೇಂದ್ರದ ಭೂಸ್ವಾಧೀನ ಕಾಯ್ದೆಯ ಪ್ರಕಾರ ಗ್ರಾಮೀಣ ಜಮೀನಿನ ಮಾರುಕಟ್ಟೆ ಬೆಲೆಯನ್ನು ಎರಡರವರೆಗೆ ಗುಣಿಸಿ, ಅಷ್ಟೇ ಮೊತ್ತವನ್ನು 'ಸೊಲೇಷಿಯಂ' ಅಂತ ಮತ್ತೆ ಸೇರಿಸಬೇಕು. ಸೊಲೇಷಿಯಂ ಅಂದರೆ ಒಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟದ್ದಕ್ಕೆ ಕೊಡುವ ಸಾಂತ್ವನದ ಹಣ. ಹೀಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಹೋಗಬಹುದು. ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವ ರಾಜ್ಯದ ಮಂಡಳಿ ಕೆಐಎಡಿಬಿಗೆ 1966ರ ಪ್ರತ್ಯೇಕ ಕಾಯ್ದೆ ಇದೆ. ಅಲ್ಲಿ ರೈತರ ಜೊತೆ ಕೂತು ದರ ಮಾತಾಡಿ ಒಪ್ಪಂದಕ್ಕೆ ಬರುವ ರೂಢಿಯೂ ಇದೆ.

ಲೆಕ್ಕಕ್ಕೆಂದು ಒಂದು ಮನೆ ಇಟ್ಟುಕೊಳ್ಳೋಣ. ಎರಡು ಎಕರೆ, ಎಕರೆಗೆ ಒಂದೂವರೆ ಕೋಟಿ, ಒಟ್ಟು ಮೂರು ಕೋಟಿ. ಊರಿನ ಬಾಯಲ್ಲಿ ನಿಲ್ಲುವುದು ಈ ಸಂಖ್ಯೆ. ಜಮೀನು ಪಿತ್ರಾರ್ಜಿತ, ಅಪ್ಪ-ಅಮ್ಮ ಇಲ್ಲ, ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರು. ಕರ್ನಾಟಕದಲ್ಲಿ 1994ರಿಂದಲೇ, ದೇಶಕ್ಕೆಲ್ಲ 2005ರಿಂದ, ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು. ಅಲ್ಲಿಗೆ ತಲೆಗೆ 75 ಲಕ್ಷ. ದೊಡ್ಡಣ್ಣನ ಪಾಲನ್ನೇ ಹಿಡಿಯಿರಿ. ಸೊಸೈಟಿ ಸಾಲ, ಬೋರ್‌ವೆಲ್ಲಿಗೆ ಮಾಡಿದ ಕೈಸಾಲ ಸೇರಿ 8 ಲಕ್ಷ ತೀರಿತು. ಮಗಳ ಮದುವೆಗೆ 15. ಮನೆಗೆ 35. ಕಾರಿಗೆ 12. ಉಳಿದದ್ದು 5 ಲಕ್ಷ.

ಹೊರಗಿನಿಂದ ನೋಡಿದವರಿಗೆ ಕಂಡದ್ದೇನು? ಮೂರು ಕೋಟಿ ಅನ್ನುವ ಮಾತು, ಮನೆ, ಮದುವೆ, ಕಾರು. ತಂಗಿಯರ ಪಾಲು ಕಾಣಲಿಲ್ಲ. ಸಾಲ ತೀರಿದ್ದಕ್ಕೆ ಯಾರೂ ಫ್ಲೆಕ್ಸ್ ಹಾಕಿಸುವುದಿಲ್ಲ. ಬ್ಯಾಂಕಿನ ಠೇವಣಿಗೆ ಚೆಂಡುಹೂವಿನ ಹಾರ ಹಾಕಿ ಅಂಗಳದಲ್ಲಿ ನಿಲ್ಲಿಸಲು ಬರುವುದಿಲ್ಲ. ಕಣ್ಣಿಗೆ ಬಿದ್ದ ಖರ್ಚನ್ನೇ ಇಡೀ ಖರ್ಚು ಅಂದುಕೊಳ್ಳುವುದು ನಮ್ಮ ತೀರ್ಪಿನ ಮೊದಲ ಎಡವಟ್ಟು.

ಹಾಗಂತ ನಷ್ಟವೇ ಇಲ್ಲ ಅಂತಲ್ಲ. ಎರಡು ಎಕರೆ ಪ್ರತಿವರ್ಷ ರಾಗಿ ಕೊಡುತ್ತಿತ್ತು, ಹಸುವಿಗೆ ಮೇವು ಕೊಡುತ್ತಿತ್ತು, ಮನೆಮಂದಿಗೆಲ್ಲ ಕೆಲಸ ಕೊಡುತ್ತಿತ್ತು. ಉಳಿದ 5 ಲಕ್ಷ ಅದನ್ನು ಕೊಡಲಾರದು. ಅದೇ ದುಡ್ಡಿಗೆ ಬೇರೆ ಕಡೆ ಜಮೀನು ಕೊಳ್ಳಲು ಹೊರಟರೆ ಸುತ್ತಮುತ್ತ ದರ ಆಗಲೇ ಏರಿರುತ್ತದೆ. ಚನ್ನರಾಯಪಟ್ಟಣದ ರೈತರು ಧರಣಿ ಕೂತು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ದುಡ್ಡು ಕರಗುತ್ತದೆ ಅಂತ ಅವರಿಗೆ ಪಂಕ್ತಿಯಲ್ಲಿ ಕೂತವರಿಗಿಂತ ಚೆನ್ನಾಗಿ ಗೊತ್ತಿತ್ತು.

ತುಪ್ಪ, ಬಿಂದಿಗೆ, ಕೊಡೆ

ಯಾರು ಏನನ್ನು ಕೊಳ್ಳಬಹುದು ಅನ್ನುವುದು ಬರೀ ಹರಟೆಯ ವಿಷಯವಾಗಿರಲಿಲ್ಲ, ಕಾನೂನೇ ಆಗಿತ್ತು. ಕ್ರಿ.ಪೂ. 215ರಲ್ಲಿ ರೋಮಿನಲ್ಲಿ ಹೆಂಗಸರು ಅರ್ಧ ಔನ್ಸಿಗಿಂತ ಹೆಚ್ಚು ಚಿನ್ನ ಇಟ್ಟುಕೊಳ್ಳಬಾರದು ಅಂತ ಕಟ್ಟಳೆ ಬಂತು. 20 ವರ್ಷದ ಮೇಲೆ ಹೆಂಗಸರೇ ಬೀದಿಗಿಳಿದು ಅದನ್ನು ತೆಗೆಸಿದರು. 1574ರಲ್ಲಿ ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಯಾವ ಅಂತಸ್ತಿನವರು ಯಾವ ಬಟ್ಟೆ, ಯಾವ ಬಣ್ಣ ತೊಡಬಹುದು ಅಂತ ಪಟ್ಟಿ ಹೊರಡಿಸಿದಳು. ಇಂಥ ಕಾನೂನುಗಳ ಕಣ್ಣು ಬಹಳ ಸಲ ಇರುತ್ತಿದ್ದದ್ದು ವ್ಯಾಪಾರದಿಂದ ದುಡ್ಡು ಕಂಡವರ ಮೇಲೆ. ಜಪಾನಿನ ಎಡೊ ಕಾಲದಲ್ಲಿ ವರ್ತಕರಿಗೆ ಸಮಾಜದ ಏಣಿಯಲ್ಲಿ ಕೊನೇ ಮೆಟ್ಟಿಲು. ಝಗಮಗ ರೇಷ್ಮೆ ತೊಡುವ ಹಾಗಿಲ್ಲ ಅಂದಾಗ ಅವರು ಹೊರಗೆ ಸಾದಾ ಬಟ್ಟೆ ತೊಟ್ಟು, ಒಳಪದರಕ್ಕೆ ಬೆಲೆಬಾಳುವ ರೇಷ್ಮೆ ಹೊಲಿಸಿದರು. ಆ ಮುಚ್ಚಿಟ್ಟ ಬೆಡಗೇ ಮುಂದೆ ಜಪಾನಿನ ಸೊಗಸಿನ ಲಕ್ಷಣವಾಯಿತು.

ನಮ್ಮಲ್ಲಿ ಈ ಕೆಲಸವನ್ನು ಜಾತಿ ಮಾಡಿತು. 19ನೇ ಶತಮಾನದ ತಿರುವಾಂಕೂರಿನಲ್ಲಿ ನಾಡಾರರಿಗೆ ಚಪ್ಪಲಿ, ಚಿನ್ನದ ಒಡವೆ, ಕೊಡೆ ನಿಷಿದ್ಧ. ಅಂಬೇಡ್ಕರ್ 1936ರಲ್ಲಿ ಲಾಹೋರಿಗೆಂದು ಬರೆದು, ಸಂಘಟಕರು ಹಿಂದೆ ಸರಿದದ್ದರಿಂದ ಓದಲಾಗದೇ ಹೋದ ಭಾಷಣದಲ್ಲಿ ಎರಡು ಘಟನೆ ಕೊಡುತ್ತಾರೆ. ಜೈಪುರ ಸಂಸ್ಥಾನದ ಚಕ್ವಾರಾ ಹಳ್ಳಿಯಲ್ಲಿ ಒಬ್ಬ ಅಸ್ಪೃಶ್ಯ ತೀರ್ಥಯಾತ್ರೆ ಮುಗಿಸಿ ಬಂದ ಸಂತೋಷಕ್ಕೆ ತನ್ನ ಜಾತಿಯವರಿಗೆ ಊಟ ಹಾಕಿದ, ಎಲೆಗೆ ತುಪ್ಪ ಬಡಿಸಿದ. ಸವರ್ಣೀಯರು ನೂರಾರು ಜನ ಲಾಠಿ ಹಿಡಿದು ನುಗ್ಗಿ ಊಟ ಹಾಳುಗೆಡವಿ ಉಣ್ಣುತ್ತಿದ್ದವರನ್ನು ಹೊಡೆದರು. ತುಪ್ಪ ಅವನ ದುಡ್ಡಿನದು, ಕೂತವರು ಅವನ ನೆಂಟರು. ತುಪ್ಪ ತಿನ್ನುವ ಅಂತಸ್ತು ನಿಮ್ಮದಲ್ಲ ಅನ್ನುವುದಷ್ಟೇ ಹೊಡೆದವರ ತಕರಾರು. ಅಹಮದಾಬಾದ್ ಜಿಲ್ಲೆಯ ಝಾನುವಿನಲ್ಲಿ 1935ರಲ್ಲಿ ಸ್ಥಿತಿವಂತ ಅಸ್ಪೃಶ್ಯ ಮನೆಗಳ ಹೆಂಗಸರು ಮಣ್ಣಿನ ಕೊಡ ಬಿಟ್ಟು ಲೋಹದ ಬಿಂದಿಗೆಯಲ್ಲಿ ನೀರು ತಂದದ್ದಕ್ಕೂ ಏಟು ಬಿತ್ತು. ದಲಿತ ಮದುಮಗ ಕುದುರೆ ಏರಿದ್ದಕ್ಕೆ ಹಲ್ಲೆ ಅನ್ನುವ ಸುದ್ದಿ ಉತ್ತರದ ರಾಜ್ಯಗಳಿಂದ ಈಗಲೂ ಬರುತ್ತದೆ.

ಈ ಹಿನ್ನೆಲೆಯಲ್ಲಿ ನಮ್ಮ ಗಾದೆಯನ್ನು ಇನ್ನೊಮ್ಮೆ ಓದಿ. ಬೆಳ್ಗೊಡೆ, ಅಂದರೆ ಬಿಳೀ ಕೊಡೆ, ಅರಸರ ಲಾಂಛನ. ಕೊಡೆ ಹಿಡಿಯುವುದು ಮಳೆಗೋ ಬಿಸಿಲಿಗೋ ಮಾತ್ರ ಆಗಿರಲಿಲ್ಲ, ಅದು ಹಕ್ಕು. ಹಗಲಲ್ಲಿ ಕೊಡೆ ಹಿಡಿದರೆ ಹೊಡೆತ ಬೀಳುವ ಕಾಲದಲ್ಲಿ, ಅದನ್ನು ಒಮ್ಮೆ ಹಿಡಿದು ನೋಡಬೇಕು ಅನ್ನುವ ಆಸೆಯವನಿಗೆ ಸಿಗುತ್ತಿದ್ದದ್ದು ಅರ್ಧರಾತ್ರಿ ಒಂದೇ ಹೊತ್ತು. ಗಾದೆ ಹುಟ್ಟಿದ್ದು ಹೀಗೆ ಅಂತ ಹೇಳುತ್ತಿಲ್ಲ, ಇದು ನನ್ನ ಊಹೆ. ಆದರೆ ಈ ಊಹೆ ತಲೆಗೆ ಬಂದ ಮೇಲೆ ಗಾದೆಗೆ ಮೊದಲಿನ ಹಾಗೆ ನಗಲಾಗುತ್ತಿಲ್ಲ.

ಹತ್ತು ರೂಪಾಯಿಯ ಪ್ರಶ್ನೆ

2022ರ ಜನವರಿ. ತುಮಕೂರಿನ ಒಂದು ವಾಹನ ಷೋರೂಮಿಗೆ ರೈತರೊಬ್ಬರು ಗೆಳೆಯರ ಜೊತೆ ಸರಕು ಗಾಡಿ ಕೊಳ್ಳಲು ಹೋದರು. ಬಟ್ಟೆಬರೆ ನೋಡಿದ ಸಿಬ್ಬಂದಿಯೊಬ್ಬ, ನಿಮ್ಮ ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಿಕ್ಕಿಲ್ಲ ಅನ್ನುವ ಮಾತಾಡಿದ ಅನ್ನುವುದು ಅವರ ದೂರು. ರೈತರು ಹೊರಗೆ ಹೋಗಿ, ಸುಮಾರು ಒಂದು ಗಂಟೆಯೊಳಗೆ ಹತ್ತು ಲಕ್ಷ ನಗದು ತಂದು ಮೇಜಿನ ಮೇಲಿಟ್ಟು "ಈಗಲೇ ಗಾಡಿ ಕೊಡಿ" ಅಂದರು. ಷೋರೂಮಿನವರಿಂದ ಕೊಡಲಾಗಲಿಲ್ಲ. ಕೊನೆಗೆ ಕ್ಷಮೆ ಕೇಳಿದರು. ವಿಡಿಯೊ ನಾಡೆಲ್ಲ ಓಡಾಡಿತು, ಕಂಪನಿಯ ಮುಖ್ಯಸ್ಥರೂ ಸಾರ್ವಜನಿಕವಾಗಿ ಮಾತಾಡಬೇಕಾಯಿತು.

ತೋರಿಕೆಯ ಖರ್ಚಿನ ಅರ್ಧ ಕಾರಣ ಈ ಷೋರೂಮಿನಲ್ಲಿದೆ. ಎದುರಿನವರು ಬಟ್ಟೆ ನೋಡಿ ಬೆಲೆ ಕಟ್ಟುತ್ತಾರೆ ಅಂತ ಗೊತ್ತಿದ್ದವರು ಬಟ್ಟೆಗೆ ಖರ್ಚು ಮಾಡುತ್ತಾರೆ. ಮುಖ ನೋಡಿದರೇ ಸಾಲ ಕೊಡುವ ಮ್ಯಾನೇಜರ್, ಹೆಸರು ಕೇಳಿದರೇ ಕುರ್ಚಿ ಎಳೆದು ಕೂರಿಸುವ ಕಚೇರಿ ಯಾರಿಗಿದೆಯೋ ಅವರಿಗೆ ಆ ಖರ್ಚು ಬೇಕಿಲ್ಲ. ಹಾಗಾಗಿ ಹಳೇ ದುಡ್ಡಿನವರ ಸರಳತೆಗೆ ಖರ್ಚು ಕಡಿಮೆ. ಅದರ ಬೆಲೆಯನ್ನು ಅವರ ತಾತ ಆಗಲೇ ಕಟ್ಟಿದ್ದಾನೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಕಪ್ಪು ಜನರು ಅಷ್ಟೇ ಆದಾಯದ ಬಿಳಿಯರಿಗಿಂತ ಬಟ್ಟೆ, ಒಡವೆ, ಕಾರಿಗೆ ಹೆಚ್ಚು ಖರ್ಚು ಮಾಡುತ್ತಾರೆ ಅಂತ ಕಂಡುಬಂತು. ಆದರೆ ಸುತ್ತಲಿನ ತಮ್ಮವರು ಬಡವರಾಗಿರುವ ಕಡೆ ಬಿಳಿಯರೂ ಹೀಗೇ ಮಾಡುತ್ತಾರೆ ಅನ್ನುವುದು ಅದರ ಮುಖ್ಯ ಮಾತು. ನಿನ್ನ ಗುಂಪೇ ಬಡದು ಅಂತ ಜಗತ್ತು ಅಂದುಕೊಂಡಿದ್ದರೆ, ನಾನು ಬಡವನಲ್ಲ ಅಂತ ತೋರಿಸುವ ಹೊರೆ ನಿನ್ನ ಮೇಲೆಯೇ ಬೀಳುತ್ತದೆ. ಭಾರತದ ಕುಟುಂಬಗಳ ಲೆಕ್ಕ ತೆಗೆದವರಿಗೂ ಇಂಥದ್ದೇ ಸಿಕ್ಕಿತು: ಅದೇ ಆರ್ಥಿಕ ಸ್ಥಿತಿಯ ಮೇಲ್ಜಾತಿಗಳಿಗಿಂತ ಹಿಂದುಳಿದ ವರ್ಗಗಳ ಮನೆಗಳಲ್ಲಿ ಕಣ್ಣಿಗೆ ಕಾಣುವ ಖರ್ಚು ತುಸು ಹೆಚ್ಚು.

ನೋಡುವವರ ಕಡೆಯನ್ನೂ ಪರೀಕ್ಷಿಸಿದ್ದಾರೆ. ಒಂದೇ ವಸ್ತುವನ್ನು ಒಬ್ಬ ಬಡವ, ಒಬ್ಬ ಉಳ್ಳವ ಕೊಂಡ ಅಂತ ಹೇಳಿ ಜನರ ಅಭಿಪ್ರಾಯ ಕೇಳಿದ 2020ರ ಅಮೆರಿಕದ ಅಧ್ಯಯನವೊಂದರಲ್ಲಿ, ಬಡವನ ವಿಷಯಕ್ಕೆ ಬಂದಾಗ "ಅದು ಅವನಿಗೆ ಅಗತ್ಯವಿರಲಿಲ್ಲ" ಅನ್ನುವ ತೀರ್ಪು ಹೆಚ್ಚು ಬಂತು. ಅವನಿಗೆ 'ಅಗತ್ಯ'ದ ಗೆರೆಯನ್ನೇ ಚಿಕ್ಕದಾಗಿ ಎಳೆದಿರುತ್ತೇವೆ. ದುಡ್ಡು ಬಂದ ಮೇಲೂ ಆ ಹಳೇ ಗೆರೆ ಬೇಗ ಅಳಿಸುವುದಿಲ್ಲ.

ದುಡ್ಡು ಬಂದ ದಾರಿ

ಬೆವರಿನ ದುಡ್ಡು, ಪುಕ್ಕಟೆ ದುಡ್ಡು ಅಂತ ನಾವು ನೋಟಿಗೆ ಮೂಲದ ಚೀಟಿ ಅಂಟಿಸುತ್ತೇವೆ. ಇದಕ್ಕೆ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 'ಮನಸ್ಸಿನ ಲೆಕ್ಕಪುಸ್ತಕ' ಅನ್ನುವ ಅರ್ಥದ ಹೆಸರು ಕೊಟ್ಟರು. 2017ರಲ್ಲಿ ಅವರಿಗೆ ನೊಬೆಲ್ ಬಂತು. ಐನೂರರ ನೋಟು ಎಲ್ಲಿಂದ ಬಂದರೂ ಐನೂರೇ. ಆದರೆ ಸಂಬಳದ ಐನೂರನ್ನು ಎಣಿಸಿ ಕೊಡುವ ಕೈ, ಇಸ್ಪೀಟಿನಲ್ಲಿ ಗೆದ್ದ ಐನೂರನ್ನು ಎಣಿಸದೆ ಕೊಡುತ್ತದೆ. ಊರಿನವರೂ ಬೇರೆಯವರ ದುಡ್ಡಿಗೆ ಹೀಗೇ ಚೀಟಿ ಅಂಟಿಸುತ್ತಾರೆ. ಅಂಗಡಿ ಇಟ್ಟು ಬೆಳೆದವನ ಕಾರಿಗೆ ಅಷ್ಟಾಗಿ ಮಾತಿಲ್ಲ. ಜಮೀನು ಕೊಟ್ಟವನ ಕಾರಿಗೆ "ಮಣ್ಣು ಮಾರಿದ ದುಡ್ಡು" ಅನ್ನುವ ಮಾತು ಕಟ್ಟಿಟ್ಟದ್ದು, ಆ ಮಣ್ಣನ್ನು ಅವನ ಮನೆಯವರು ಎಷ್ಟು ತಲೆಮಾರು ಉತ್ತಿದ್ದರೂ ಸರಿ.

ಪುಕ್ಕಟೆ ಅನ್ನಿಸಿಕೊಂಡ ದುಡ್ಡಿನ ಮೇಲೆ ಎಲ್ಲರಿಗೂ ಹಕ್ಕು ಹುಟ್ಟುತ್ತದೆ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು, ಕೇರಳದಲ್ಲಿ ಸರ್ಕಾರವೇ ನಡೆಸುತ್ತದೆ. 2022ರ ಓಣಂ ಬಂಪರ್‌ನಲ್ಲಿ 25 ಕೋಟಿ ಗೆದ್ದ ತಿರುವನಂತಪುರದ ಆಟೊ ಚಾಲಕರು ಕೆಲವೇ ದಿನಕ್ಕೆ, ಗೆಲ್ಲದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನುವ ಹಾಗಾಯಿತು. ಹಣ ಕೈಗೆ ಬರುವ ಮೊದಲೇ ಬೆಳಗಾದರೆ ಮನೆ ಮುಂದೆ ಸಹಾಯ ಕೇಳುವವರ ಸಾಲು, ಮನೆಯಲ್ಲಿ ಕೂರುವ ಹಾಗಿಲ್ಲ. ಕೊಟ್ಟರೆ ಕಡಿಮೆ ಕೊಟ್ಟ, ಕೊಡದಿದ್ದರೆ ಸೊಕ್ಕು. 2024ರಲ್ಲಿ ಅದೇ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಯ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂತು.

ದಿಢೀರ್ ದುಡ್ಡು ಬಂದವರೆಲ್ಲ ಕಳೆದುಕೊಂಡು ಬೀದಿಗೆ ಬರುತ್ತಾರೆ ಅನ್ನುವುದು ನಮಗೆ ಇಷ್ಟವಾದ ಕಥೆ. ಸ್ವೀಡನ್ನಿನ ಸಂಶೋಧಕರು ದೊಡ್ಡ ಲಾಟರಿ ಗೆದ್ದವರನ್ನು ಐದರಿಂದ ಇಪ್ಪತ್ತೆರಡು ವರ್ಷಗಳ ನಂತರ ವಿಚಾರಿಸಿ 2020ರಲ್ಲಿ ಫಲಿತಾಂಶ ಕೊಟ್ಟರು. ಒಟ್ಟಾರೆ ನೋಡಿದರೆ ಅವರು ಹಣವನ್ನು ನಿಧಾನವಾಗಿ ಬಳಸಿದ್ದರು, ಬದುಕಿನ ಬಗ್ಗೆ ಅವರಿಗಿದ್ದ ತೃಪ್ತಿಯೂ ಹೆಚ್ಚೇ ಇತ್ತು. ಸ್ವೀಡನ್ನಿನ ವ್ಯವಸ್ಥೆ ಬೇರೆ, ದೇವನಹಳ್ಳಿಯ ಸ್ಥಿತಿ ಬೇರೆ. ಆದರೆ ಬೀದಿಗೆ ಬಂದವರು ಸುದ್ದಿಯಾಗುತ್ತಾರೆ, ಬರದವರು ಆಗುವುದಿಲ್ಲ.

ಪಕ್ಕದ ಮನೆ

ನೆದರ್ಲೆಂಡ್ಸಿನಲ್ಲಿ ಪಿನ್‌ಕೋಡಿನ ಮೇಲೆ ನಡೆಯುವ ಒಂದು ಲಾಟರಿ ಇದೆ. ಗೆದ್ದ ಬೀದಿಯಲ್ಲಿ ಟಿಕೆಟ್ ಕೊಂಡವರಿಗೆಲ್ಲ ಹಣ, ಜೊತೆಗೆ ಒಂದು ಬಿಎಂಡಬ್ಲ್ಯು ಕಾರು. ಅದೇ ಬೀದಿಯಲ್ಲಿ ಟಿಕೆಟ್ ಕೊಳ್ಳದವರಿಗೆ ಏನೂ ಇಲ್ಲ. 2011ರ ಅಧ್ಯಯನ ನೋಡಿದ್ದು ಈ ಏನೂ ಸಿಗದವರನ್ನು: ಗೆದ್ದವರ ಪಕ್ಕದ ಮನೆಯವರು ಹೊಸ ಕಾರು ಕೊಳ್ಳುವುದು ಹೆಚ್ಚಿತ್ತು. ಕೆನಡಾದಲ್ಲಿ ಇನ್ನೂ ಮುಂದೆ ಹೋಗಿ ನೋಡಿದಾಗ, ದೊಡ್ಡ ಬಹುಮಾನ ಗೆದ್ದವರ ನೆರೆಹೊರೆಯಲ್ಲಿ ದಿವಾಳಿ ಅರ್ಜಿಗಳು ಹೆಚ್ಚಿದ್ದವು.

ನಮ್ಮ ಹಳ್ಳಿಯಲ್ಲಿ ಇದಕ್ಕೆ ಅಧ್ಯಯನ ಬೇಕಿಲ್ಲ. ರಸ್ತೆಯ ಈ ಬದಿಯ ಸರ್ವೆ ನಂಬರಿಗೆ ದುಡ್ಡು ಬಂತು, ಆ ಬದಿಗೆ ಬರಲಿಲ್ಲ. ಈ ಬದಿಯವರು ಮಗನ ಮದುವೆಗೆ ಎಸಿ ಛತ್ರ ಹಿಡಿದರೆ, ಆ ಬದಿಯವರಿಗೆ ಶಾಮಿಯಾನ ಸಾಲದಾಗುತ್ತದೆ. ದುಡ್ಡು ಬರದವನು ಸಾಲ ಮಾಡುತ್ತಾನೆ. "ಎಷ್ಟು ದಿನ ಬರ್ತದೋ ನೋಡೋಣ" ಅಂದವರ ಮಾತಿನಲ್ಲಿ ಹೊಟ್ಟೆಕಿಚ್ಚಷ್ಟೇ ಅಲ್ಲ, ತನ್ನ ಮನೆಯ ಮುಂದಿನ ಮದುವೆಯ ಖರ್ಚಿನ ದಿಗಿಲೂ ಇದ್ದೀತು.

ಹೊಸದು ಹಳೆಯದಾಗುವುದು ಯಾವಾಗ

ನ್ಯೂಯಾರ್ಕಿನ ಮೇಲ್ವರ್ಗದ ಬಾಗಿಲು ಕಾಯುತ್ತಿದ್ದ ಶ್ರೀಮತಿ ಆಸ್ಟರ್ ಅನ್ನುವವರು ರೈಲ್ವೆ ದುಡ್ಡಿನ ವ್ಯಾಂಡರ್‌ಬಿಲ್ಟ್ ಮನೆತನವನ್ನು ಬಹಳ ಕಾಲ ಹೊರಗಿಟ್ಟಿದ್ದರು. 1883ರಲ್ಲಿ ವ್ಯಾಂಡರ್‌ಬಿಲ್ಟ್ ಸೊಸೆ ನಗರವೇ ಮಾತಾಡಿಕೊಳ್ಳುವಂಥ ವೇಷಭೂಷಣದ ಔತಣ ಕೊಟ್ಟ ಮೇಲೆ ಬಾಗಿಲು ತೆರೆಯಬೇಕಾಯಿತು. ಆ ಆಸ್ಟರ್ ಮನೆತನದ ಮೂಲಪುರುಷನಾದರೂ ಯಾರು? ಜರ್ಮನಿಯ ಕಟುಕನೊಬ್ಬನ ಮಗ, ಅಮೆರಿಕಕ್ಕೆ ಬಂದು ಪ್ರಾಣಿಗಳ ತುಪ್ಪಳ ಮಾರಿ ಬೆಳೆದವನು. ಶ್ರೀಮತಿ ಆಸ್ಟರ್ ಅವರ ಗಂಡ ಅವನ ಮೊಮ್ಮಗ. ಹಳೆಯದಾಗಲು ಎರಡು ತಲೆಮಾರು ಸಾಕಾಗಿತ್ತು.

ನಮ್ಮಲ್ಲಿ ಹೊಸದನ್ನು ಹಳೆಯದಾಗಿಸುವ ದಾರಿ ದೇವಸ್ಥಾನದ ಮೂಲಕ ಹಾದುಹೋಗುತ್ತದೆ. ಕಾರಿಗೆ 12 ಲಕ್ಷ ಕೊಟ್ಟರೆ ಶೋಕಿ. ಊರ ದೇವಸ್ಥಾನದ ಗೋಪುರಕ್ಕೆ ಅಷ್ಟೇ ಕೊಟ್ಟರೆ ಕಲ್ಲಿನ ಮೇಲೆ ಹೆಸರು. ಕರಾವಳಿಯಲ್ಲಿ ಮುಂಬೈ ಹೋಟೆಲಿನ, ಗಲ್ಫಿನ ದುಡ್ಡು ಬ್ರಹ್ಮಕಲಶ, ನೇಮಗಳಂಥ ದೇವರು-ದೈವಗಳ ಉತ್ಸವಕ್ಕೆ ಹರಿದದ್ದನ್ನು ಎಲ್ಲರೂ ಕಂಡಿದ್ದಾರೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ 'ಸಂಸ್ಕೃತೀಕರಣ' ಅನ್ನುವ ಪದವನ್ನು ಚಲಾವಣೆಗೆ ತಂದರು. ಏರುತ್ತಿರುವ ಜಾತಿಗಳು ಮೇಲಿನವರ ಆಚಾರ, ಊಟ, ಪೂಜೆಗಳನ್ನು ತಮ್ಮದಾಗಿಸಿಕೊಳ್ಳುವುದು ಅಂತ ಅದರ ಅರ್ಥ. ದುಡ್ಡು ಬಂದೊಡನೆ ಸತ್ಯನಾರಾಯಣ ಪೂಜೆ, ಹೋಮ, ಮಂತ್ರ ಹೇಳಲು ದೂರದಿಂದ ಪುರೋಹಿತರು ಬರುವುದನ್ನು ಬರೀ ಭಕ್ತಿ ಅಂತಷ್ಟೇ ಓದಿದರೆ ಅರ್ಧ ತಪ್ಪಿಹೋಗುತ್ತದೆ.

ಇನ್ನೊಂದು ದಾರಿ, ತೋರಿಸದೆ ತೋರಿಸುವುದು. ದುಬಾರಿ ಕೈಚೀಲಗಳನ್ನು ಅಳೆದು ನೋಡಿದ 2010ರ ಅಧ್ಯಯನದಲ್ಲಿ, ಒಂದೇ ಬ್ರ್ಯಾಂಡಿನೊಳಗೆ ಬೆಲೆ ಏರಿದಷ್ಟೂ ಅದರ ಗುರುತು ಚಿಕ್ಕದಾಗುತ್ತಾ ಹೋಗುತ್ತಿತ್ತು. ಬಲ್ಲವರಿಗೆ ಮಾತ್ರ ತಿಳಿದರೆ ಸಾಕು ಅನ್ನುವವರಿಗೆ ಅವು. ಬೆಂಗಳೂರಿನ ಶ್ರೀಮಂತರ ಮನೆಗಳಲ್ಲಿ ಈಗ ಇಟಾಲಿಯನ್ ಮಾರ್ಬಲ್ಲಿನ ಜಾಗಕ್ಕೆ ಕೆಂಪು ರೆಡ್‌ಆಕ್ಸೈಡ್ ನೆಲ, ಮಣ್ಣಿನ ಇಟ್ಟಿಗೆ, ಎಲ್ಲಿಂದಲೋ ಬಿಚ್ಚಿ ತಂದ ತೊಟ್ಟಿಮನೆಯ ಕಂಬ ಬರುತ್ತಿವೆ. ಹಳ್ಳಿಯವರು ಯಾವುದನ್ನು ಬಡತನ ಅಂತ ಕಿತ್ತು ಹಾಕಿದರೋ ಅದು.

ಗೃಹಪ್ರವೇಶದ ಮನೆಯ ಮೊಮ್ಮಗಳು ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಕೈತೊಳೆಯಲು ಹಿತ್ತಿಲಿಗೆ ಹೋದಾಗ ಸಿಕ್ಕಳು. ನೀಲಿ ಲೈಟಿನ ವಿಷಯ ಕೇಳಬೇಡಿ ಅಂಕಲ್ ಅಂತ ನಕ್ಕು, ಅಜ್ಜಿ ಕೂತಿದ್ದ ಕಲ್ಲುಚಪ್ಪಡಿ ತೋರಿಸಿದಳು. ನೂರು ವರ್ಷದ್ದಂತೆ. ಅದನ್ನು ಹಾಗೇ ತೊಳೆದು ಹಾಲ್‌ನಲ್ಲಿ ಕೂರುವ ಜಗಲಿ ಮಾಡೋಣ ಅಂತ ಅವಳು ಆರು ತಿಂಗಳಿಂದ ಹೇಳುತ್ತಿದ್ದಾಳೆ. ಅವಳಪ್ಪ ಒಪ್ಪುತ್ತಿಲ್ಲ.

"ಹಸು ಕಟ್ಟೋ ಕಲ್ಲನ್ನ ಹಾಲ್‌ನಲ್ಲಿ ಇಟ್ರೆ" ಅಂದರು ಅವರು, ಹಾರದ ಕಾರಿನ ಪಕ್ಕ ನಿಂತು, "ಬಂದ ಜನ ಏನಂದ್ಕೋತಾರೆ?"